ಅಮೃತಮ್ಮನನ್ನು ಎತ್ತಿಕೊಂಡು ಮೇಳ ಸುತ್ತಿದವರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಮುನಿಶಾಮಮ್ಮನವರಿಗೆ, ಅವರ ಮಗ ಸುನಿಲ್‌ಗೆ, ಶಿವಾಜಿನಗರದ ವರ್ಕ್‌ಶಾಪುಗಳಿಗೆ ಬಾಗಿಲು ಹಾಕಿ ಬಂದಿರುವ ಅಣ್ಣಂದಿರಿಗೆ, ಹಲಸೂರಿನ ಅಂಗಡಿಯವರಿಗೆ — ನಮಸ್ಕಾರ. ನಾನು ಜಯಮಾಲಾ. ವರ್ಷವರ್ಷವೂ ಇದೇ ದೊಮ್ಮಲೂರಿನ ಕಲ್ಯಾಣ ಮಂಟಪದಲ್ಲಿ ನಡೆಯುವ ನಮ್ಮ ಅಡುಗೆ ಯಂತ್ರಗಳ ಮೇಳದಲ್ಲಿ ಬಾಗಿಲ ಹತ್ತಿರ ಕೂತು ಬ್ಯಾಡ್ಜ್ ಕೊಡುವವಳು. ಮೇಳದ ಕಾರ್ಯದರ್ಶಿ, ಮುನಿಶಾಮಮ್ಮನವರ ಯಜಮಾನರು, ರಾಮಾಂಜಿನಪ್ಪನವರು ಹೋದ ವಾರ ನಮ್ಮನ್ನಗಲಿದರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದು ಕೂತವರು — ಏಳಲಿಲ್ಲ.

ಅವರಿದ್ದಿದ್ದರೆ ಇಷ್ಟು ಹೊತ್ತಿಗೆ, "ಜಯಮ್ಮ, ಭಾಷಣ ಆಮೇಲೆ ಮಾಡುವಂತೆ, ಬಂದೋರಿಗೆ ಕಾಫಿ ಆಯ್ತಾ ನೋಡು" ಅನ್ನುತ್ತಿದ್ದರು. ಕಾಫಿ ಆಗಿದೆ, ಸಾರ್. ನೋಡಿದ್ದೇನೆ.

ಹೊರಮಾವಿನಲ್ಲಿ ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ಕಾಲ ಮೇಲೆ ಕಾಲು ಹಾಕಿ ಕೂರಬಹುದಿತ್ತು. ಆ ಮನುಷ್ಯನಿಗೆ ಕೂರಲು ಬರುತ್ತಿರಲಿಲ್ಲ. ಹೊಸದೇನು ಬಂದರೂ ಮೊದಲು ಅವರ ಕೈಗೇ ಬೇಕು. ಕನ್ನಡದಲ್ಲಿ ಹೇಳಿದರೆ ತಮಿಳಿನಲ್ಲಿ ಹೇಳುವ ಫೋನು ಬಂತಲ್ಲ — ತಮಿಳು ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೂ ಕೊಯಮತ್ತೂರಿನ ವ್ಯಾಪಾರಿಗಳ ಹತ್ತಿರ ಫೋನಿನಲ್ಲೇ ಮಾತು. ಅದು ತಪ್ಪು ಹೇಳಿದರೆ ಅದನ್ನೇ ಬೈದು ತಿದ್ದುತ್ತಿದ್ದರು!

ನನಗೆ ಅದೆಲ್ಲ ಸೇರುತ್ತಿರಲಿಲ್ಲ. ಈಗಲೂ ಅಷ್ಟಾಗಿ ಸೇರುವುದಿಲ್ಲ. ಮುಖ ನೋಡಿ ಬಾಗಿಲು ತೆಗೆಯುವ ಯಂತ್ರ ಬಂದ ದಿನ ನಾನು ಅವರ ಜೊತೆ ಮಾತೇ ಬಿಟ್ಟೆ. ಅವರು ನನ್ನ ಕುರ್ಚಿಯನ್ನು ತಾವೇ ಎತ್ತಿ ತಂದು ಯಂತ್ರದ ಪಕ್ಕಕ್ಕೆ ಹಾಕಿದರು. "ಅದು ಮುಖ ನೋಡ್ಲಿ. ನೀನು ಮಾತಾಡ್ಸು" ಅಂದರು. ಅವತ್ತಿನಿಂದ ಅದು, ನಾನು — ಇಬ್ಬರೂ ಅಕ್ಕಪಕ್ಕ.

ಈಗ ಅಮೃತಮ್ಮನವರ ವಿಷಯ ಹೇಳಬೇಕು. ಅವರು ರಾಯಚೂರು ಕಡೆಯವರು. ಕೆ.ಆರ್. ಪುರದಲ್ಲಿ ಬಾಡಿಗೆ ರೂಮು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಟ್ಟಡದ ಕೆಲಸದಲ್ಲಿ ಬಿದ್ದಾಗಿನಿಂದ ಕಾಲಿಗೆ ಶಕ್ತಿ ಇಲ್ಲ. ಕೂತಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಮೆಸ್ಸುಗಳಿಗೆ ಕಳಿಸುತ್ತಾರೆ. ಬಡಿದು ಬಡಿದು ರಟ್ಟೆ ಸೋತಿತ್ತು, ಒಂದು ಯಂತ್ರ ಬೇಕಾಗಿತ್ತು. ಹೋದ ವರ್ಷ ಮಗಳು ಸೌಂದರ್ಯಾ ಮೊಬೈಲಿನಲ್ಲೇ, ಮೇಳದ ಆ್ಯಪಿನಲ್ಲಿ, ತಾಯಿಯ ಹೆಸರನ್ನು ಮೇಳಕ್ಕೆ ಸೇರಿಸಿದಳು.

ಆ ವರ್ಷ ಸುನಿಲ್ ಒಂದು ಗಾಡಿ ತಂದಿದ್ದ. ಕೆಳಗೆ ಚಕ್ರ, ಮೇಲೆ ಕೋಲು, ಕೋಲಿನ ತುದಿಗೆ ಟ್ಯಾಬು. ಬರಲಾಗದವರು ಮನೆಯಲ್ಲೇ ಕೂತು ಅದನ್ನು ಓಡಿಸಿಕೊಂಡು ಮಳಿಗೆ ಮಳಿಗೆ ನೋಡಬಹುದು. ಅಗೋ — ಆ ಕಂಬ ಕಾಣುತ್ತದಲ್ಲ — ಅಲ್ಲಿ ಕಾರ್ಪೆಟ್ಟಿನ ಮಡಿಕೆಗೆ ಚಕ್ರ ಸಿಕ್ಕಿಕೊಂಡು, ಗಾಡಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು. ಜನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಒಳಗಿಂದ ಅಮೃತಮ್ಮನವರ ಸಣ್ಣ ದನಿ ಬಂತು. "ಯಾರರ ಇದ್ದೀರೇನ್ರಿ? ನನಗ ಬರೇ ಗ್ವಾಡಿ ಕಾಣಾಕತ್ತೈತ್ರಿ."

ರಾಮಾಂಜಿನಪ್ಪನವರು ಹೋದರು. ಟ್ಯಾಬನ್ನು ಕೋಲಿನಿಂದ ಬಿಡಿಸಿದರು. ಹೀಗೆ — ಎದೆಗೆ ಆನಿಸಿ, ಪರದೆ ಹೊರಗೆ ಮಾಡಿ — ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. "ಎಲ್ಲಿಗ್ ಹೋಗೋಣ ಹೇಳಮ್ಮ" ಅಂದರು.

ಇಡೀ ಮೇಳ ಸುತ್ತಿಸಿದರು. ಯಂತ್ರದ ಸದ್ದು ಕೇಳಬೇಕು ಅಂದರೆ ಹತ್ತಿರ ಹಿಡಿದರು, ಚಕ್ರದ ಹಲ್ಲು ನೋಡಬೇಕು ಅಂದರೆ ಬಗ್ಗಿ ಹಿಡಿದರು. ಯಾವ ಯಂತ್ರವೂ ಅಮೃತಮ್ಮನವರಿಗೆ ಹೊಂದಲಿಲ್ಲ. ಊಟದ ಹೊತ್ತಾಯಿತು. ಟ್ಯಾಬನ್ನು ಪಂಕ್ತಿಯಲ್ಲಿ ನೀರಿನ ಜಗ್ಗಿಗೆ ಒರಗಿಸಿ ಕೂರಿಸಿ, ಅದರ ಮುಂದೆ ಒಂದು ಎಲೆ ಹಾಕಿಸಿದರು. ನಾನು ನಕ್ಕೆ. ಅವರು ನಗಲಿಲ್ಲ. ಅದೇ ಊಟವನ್ನು ಕ್ಯಾರಿಯರ್‌ನಲ್ಲಿ ತುಂಬಿಸಿ ಸುನಿಲ್ ಕೈಲಿ ಕೆ.ಆರ್. ಪುರಕ್ಕೆ ಕಳಿಸಿದರು.

ಆ ಎಲೆಯ ಪಕ್ಕದ ಎಲೆ ಮಂಜೂರ್ ಭಾಯ್ ಅವರದು. ಶಿವಾಜಿನಗರದಲ್ಲಿ ರೊಟ್ಟಿ ಯಂತ್ರ ಮಾಡುವವರು. ಅವರ ಯಂತ್ರದ ಚಿತ್ರವನ್ನು ನಮ್ಮ ಆ್ಯಪು ಅಮೃತಮ್ಮನವರಿಗೆ ಮೊದಲೇ ತೋರಿಸಿತ್ತು. ನಿಂತು ಮಾಡುವ ಯಂತ್ರ ಅಂತ ಅಮೃತಮ್ಮನವರು ಅದನ್ನು ದಾಟಿಸಿಬಿಟ್ಟಿದ್ದರು. ಸಾರು-ಅನ್ನದ ನಡುವೆ ಮಾತಿಗೆ ಮಾತು ಬಂತು. ನೆಲದ ಮೇಲೆ ಕೂತವರ ಕೈಗೆ ಎಟುಕುವ ಯಂತ್ರ ಯಾಕಿಲ್ಲ ಅಂತ ಅಮೃತಮ್ಮನವರು ಕೇಳಿದರು, ಇದುವರೆಗೆ ಯಾರೂ ಕೇಳಿರಲಿಲ್ಲವಲ್ಲಮ್ಮ ಅಂತ ಮಂಜೂರ್ ಭಾಯ್ ಅಂದರು. ಆಮೇಲೆ ಮಾಡಿಯೇ ಕೊಟ್ಟರು. ಇವತ್ತು ಅಮೃತಮ್ಮನವರು ಅದರಲ್ಲೇ ರೊಟ್ಟಿ ಮಾಡುವುದು. ಮಂಜೂರ್ ಭಾಯ್ ಇಲ್ಲೇ ಕೂತಿದ್ದಾರೆ, ಕೇಳಿ ನೋಡಿ.

ಬಂಧುಗಳೇ, ದುಃಖದ ಸಭೆಯಲ್ಲಿ ಜಗಳ ತೆಗೆಯಬಾರದು. ಆದರೂ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬರುವ ಸೋಮವಾರ ನಮ್ಮ ಸಮಿತಿ ಸೇರುತ್ತದೆ. ಮೇಳವನ್ನು ಪೂರ್ತಿ ಆನ್‌ಲೈನ್ ಮಾಡೋಣ ಅನ್ನುತ್ತಿದ್ದಾರೆ. ಕಣ್ಣಿಗೊಂದು ಕನ್ನಡಕ ಹಾಕಿಕೊಂಡರೆ ಸಾಕು, ಮನೆಯೊಳಗೇ ಮಳಿಗೆಗಳು ಬಂದು ನಿಲ್ಲುತ್ತವಂತೆ. ಮಂಟಪ ಬೇಡ, ಟ್ರಾಫಿಕ್ ಬೇಡ, ಪಂಕ್ತಿ ಬೇಡ. ಹೇಳುವವರು ಕೆಟ್ಟವರಲ್ಲ. ಇದನ್ನು ತಡೆದು ನಿಲ್ಲಿಸಿದ್ದವರು ಒಬ್ಬರೇ, ಅವರು ಈಗ ಇಲ್ಲ.

ಅಮೃತಮ್ಮನವರಿಗೆ ಅನುಕೂಲವಾಗುತ್ತದೆ ಅಂತಲೂ ಸಮಿತಿಯವರು ಅಂದರು. ಸರಿ, ಅವರನ್ನೇ ಕೇಳೋಣ ಅಂತ ಫೋನ್ ಮಾಡಿದೆ. ಅವರು ಕೇಳಿದರು — "ಜಯಕ್ಕ, ಎಲ್ಲಾರೂ ಮನ್ಯಾಗ ಕುಂತ್ರ, ನನ್ನ ಎತ್ಕೊಂಡು ತಿರಗವ್ರು ಅಲ್ಲಿ ಯಾರಿರ್ತಾರ್ರೀ?"

ಇದಕ್ಕೆ ಸಮಿತಿಯವರಲ್ಲಿ ಉತ್ತರವಿದ್ದರೆ ಸೋಮವಾರ ಹೇಳಲಿ. ಕನ್ನಡಕ ಬರಲಿ, ಗಾಡಿ ಬರಲಿ, ಇನ್ನೂ ಏನೇನೋ ಬರಲಿ — ಬರಬೇಕು. ಅದಿಲ್ಲದಿದ್ದರೆ ಅಮೃತಮ್ಮ ನಮ್ಮ ಬಾಗಿಲಿಗೇ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬಂದವರು ಗೋಡೆ ನೋಡುತ್ತಾ ನಿಂತಾಗ ಕೈ ಚಾಚಲು ಇಲ್ಲಿ ಜನ ಇರಬೇಕು. ಮಂಟಪದ ಬಾಗಿಲು ತೆಗೆದಿರಬೇಕು. ರಾಮಾಂಜಿನಪ್ಪನವರಿಗೆ ಹಾರ ಹಾಕಿದ ಕೈಗಳನ್ನೇ ನಾನು ಕೇಳಿಕೊಳ್ಳುತ್ತಿರುವುದು. ನನಗೆ ಅವರು ಬಹಳ ನೆನಪಾಗುತ್ತಾರೆ. ಬಾಗಿಲ ಹತ್ತಿರ ಆ ಕುರ್ಚಿಯಲ್ಲಿ ಅವರಿಲ್ಲದೆ ಕೂರುವುದು ಹೇಗೋ, ಗೊತ್ತಿಲ್ಲ.

ಈ ಸಭೆಗೂ ಕೆಲವರು ಪರದೆಯ ಮೇಲೆ ಬಂದಿದ್ದಾರೆ. ಅಮೃತಮ್ಮನವರೂ ಇದ್ದಾರೆ, ಹಿಂದಿನ ಕುರ್ಚಿಯ ಮೇಲೆ. ಕೊನೆಯಲ್ಲಿ ಎಲ್ಲರೂ ಎದ್ದು ಮೌನ ಆಚರಿಸುತ್ತೇವೆ ಅಂತ ಬೆಳಿಗ್ಗೆ ಹೇಳಿದಾಗ ಅವರು ಅಂದರು — "ನನಗ ಏಳಾಕ ಆಗಂಗಿಲ್ಲಲ್ರೀ ಅಕ್ಕ. ನಿಂತವ್ರ ಕೈಯಾಗ ನನ್ನ ಕೊಡ್ರಿ."

ಸುನಿಲ್, ಆ ಟ್ಯಾಬ್ ಇಲ್ಲಿ ತಾ, ಕಂದ. — ಹಾಂ, ನಾನೇ ಹಿಡಿದುಕೊಳ್ಳುತ್ತೇನೆ. ಸಾರ್ ಫೋಟೋ ಕಾಣುತ್ತಾ, ಅಮೃತಮ್ಮ? — ಕಾಣುತ್ತಂತೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಮೃತಮ್ಮನವರು ಆಗಲೇ ನಿಂತಿದ್ದಾರೆ. ಇನ್ನು ಸ್ವಲ್ಪ ಹೊತ್ತು ಮಾತು ಬೇಡ.