ಅರ್ಧ ನಂಬಿಕೆ

ಜಮಖಂಡಿ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದಳು. ಹರೆಯದ ಮಗಳು ಅವಳ ಭುಜಕ್ಕೊರಗಿ ನಿದ್ದೆ ಹೋಗಿದ್ದಳು. ಬೈಬಲ್ ಹಿಡಿದ ಮುದುಕರೊಬ್ಬರು ಕುಂಟುತ್ತ ಬಂದು ಅವರೆದುರು ನಿಂತರು.

"ಎಲ್ಲಿಗೆ ಶಂಕ್ರೆವ್ವ?"

"ಮುಧೋಳಕ್ಕರಿ ಪಾಸ್ಟರ್. ಟಿವಿಯೊಳಗ ಬರ್ತಾರಲ್ಲ, ಆ ಅಣ್ಣಾರ ಸ್ವಸ್ಥತಾ ಕೂಟ ಐತಿ."

"ನಮ್ಮ ಆರಾಧನಿ ಬಿಟ್ಟು?"

"ಎಲ್ಲಾರೂ ಅಲ್ಲೇ ಹೊಂಟಾರರಿ."

"ಹುಡಿಗಿ ಫಿಟ್ಸಿನ ಗುಳಿಗಿ ತಗೊಂಡೀಯಿಲ್ಲ?"

"ತಂದಿಲ್ರಿ. ಚೀಲದಾಗ ಗುಳಿಗಿ ಇದ್ರ ನಂಬಿಕಿ ಅರ್ಧಾ ಅಂತ ಅಣ್ಣಾರು ಹೇಳ್ಯಾರ."

"ನಿನ್ನ ಗಂಡನೂ ಸಕ್ಕರಿ ಬ್ಯಾನಿ ಗುಳಿಗಿ ಹಿಂಗ ಬಿಟ್ಟಿದ್ದ. ಮಣ್ಣ ಮಾಡಿದಾಂವ ನಾನು."

"ಅವರದು ನಂಬಿಕಿ ಕಡಿಮಿ ಬಿತ್ತಂತ್ರಿ."

"ಯಾರಂದ್ರು?"

"ಫೋನ್ ಮಾಡಿದ್ದೆ. ಅಣ್ಣಾರ ಮಂದಿ ಅಂದ್ರು."

"ದೇವರು ಎಲ್ಲಾ ಬ್ಯಾನಿ ತಗ್ಯೂದಿಲ್ಲವ್ವಾ. ಬ್ಯಾನಿಯೊಳಗ ಜೋಡಿ ಇರ್ತಾನ. ಇಷ್ಟು ವರ್ಷ ಅದನ್ನ ಹೇಳಕೋತ ಬಂದೇನಿ."

"ಖರೆ, ಹೇಳೀರಿ. ಅದನ್ನ ಕೇಳಿ ಮನೀಗೆ ಬಂದ ದಿನಾನ ಇಕಿ ಉರಿಯೂ ಒಲಿ ಮ್ಯಾಲ ಬಿದ್ದಳರಿ."

ಮುಧೋಳದ ಬಸ್ಸು ಬಂತು. ತಾಯಿ ಮಗಳನ್ನು ಎಬ್ಬಿಸಿದಳು. ಹುಡುಗಿಯ ಮುಂಗೈ ತುಂಬ ಸುಟ್ಟ ಕಲೆಯಿತ್ತು.

"ನೀವೂ ಬರ್ರಿ ಪಾಸ್ಟರ್. ನಿಮ್ಮ ಮೊಣಕಾಲಿಗೂ ಪ್ರಾರ್ಥನಾ ಮಾಡ್ತಾರ."

"ಬರ್ತೇನಿ. ಗುಳಿಗಿ ಎಲ್ಲಿಟ್ಟಿ ಹೇಳು. ಮನೀಗೆ ಹೋಗಿ ತಗೊಂಡು ಮುಂದಿನ ಬಸ್ಸಿಗೆ ಬರ್ತೇನಿ."

ಅವಳು ಮಗಳನ್ನು ಮೊದಲು ಹತ್ತಿಸಿದಳು. ತಾನೂ ಹತ್ತಿ ಬಾಗಿಲಲ್ಲೇ ತಿರುಗಿದಳು.

"ಎಲ್ಲಾ ಬಚ್ಚಲಕ್ಕ ಸುರುವಿ ಬಂದೇನ್ರಿ."

ಬಸ್ಸು ಹೊರಟಿತು.