ಗಂಗವ್ವನ ಪಾಲಿನ ಹಿಡಿ ಮಂಡಕ್ಕಿ

ಕೇಳ್ರಪಾ ಕೇಳ್ರಿ. ಹಿಂದಿದ್ದವರು ಮುಂದ ಬರ್ರಿ, ಮುಂದಿದ್ದವರು ತೂಕಡಿಸಬ್ಯಾಡ್ರಿ. ಒಂದಾನೊಂದು ಊರು, ಊರ ಮುಂದೊಂದು ಹೊಳಿ. ಯಾವ ಊರು, ಯಾವ ಹೊಳಿ ಅಂತ ಕೇಳಬ್ಯಾಡ್ರಿ. ಹೊಳಿ ದಾಟಿದವರು ಹೇಳಲಿಲ್ಲ, ದಾಟದವರಿಗೆ ಗೊತ್ತಿರಲಿಲ್ಲ.

ಆ ಹೊಳಿ ದಂಡಿಮ್ಯಾಲೆ ಅಂಬಿಗರ ದುರುಗಪ್ಪ, ಅವನ ಹೆಂಡತಿ ಪಾರವ್ವ, ಅವರ ಸಣ್ಣ ಮಗಳು ಚೌಡಿ. ಜನರನ್ನ ಹರಿಗೋಲಿನಾಗ ಕೂಡಿಸಿಕೊಂಡು ಈಚಿಂದ ಆಚೆ, ಆಚಿಂದ ಈಚೆ ದಾಟಿಸೋದೇ ಅವರ ಬದುಕು. ಬಿದಿರಿನ ಬುಟ್ಟಿ, ಅದಕ್ಕ ಸುತ್ತಿದ ತೊಗಲು, ಹರಿಗೋಲು ಅಂದರ ಅಷ್ಟೇ. ಆ ತೊಗಲು ಹಳೇದಾಗಿತ್ತು. ತೇಪಿ ಮ್ಯಾಲೆ ತೇಪಿ. ಒಂದಿನ ಊರಗೌಡ ಬಂದು ಹೇಳಿದ: "ದುರುಗ್ಯಾ, ಮಳಿಗಾಲದ ಕೆಂಪು ನೀರು ಬರೋದ್ರೊಳಗ ಹೊಸ ತೊಗಲು ಹಾಕು. ಇಲ್ಲಾಂದ್ರ ಹೊಳಿ ದಾಟಿಸೋ ಕೆಲಸ ಬ್ಯಾರೆಯವರಿಗೆ ಕೊಡತೀನಿ. ನಿನ್ನ ತೇಪಿ ನಂಬಿ ಯಾರು ಕೂಡಬೇಕು?"

ಆ ಕೆಲಸ ಹೋದರ ಉಣ್ಣೋದೇನು? ಹೊಳಿ ನೀರು ಕುಡಿದರ ಹೊಟ್ಟಿ ತುಂಬತೈತೇನು? ಆದರ ಪಾರವ್ವ ಅಳುತ್ತ ಕೂಡೋ ಹೆಣ್ಣಲ್ಲ. ಹನಿ ಹನಿ ಕೂಡಿದರ ಹಳ್ಳ, ತೆನಿ ತೆನಿ ಕೂಡಿದರ ಬಳ್ಳ ಅಂತ ಸೆರಗು ಬಿಗಿದು, ಕಾಸು ಕೂಡಿಡಲಿಕ್ಕೆ ಒಂದು ಗಡಿಗಿ ಇಟ್ಟಳು.

ಮೊದಲು ಗಂಡನ ಎಲಿ ಅಡಿಕಿ ಮ್ಯಾಲೆ ಕಣ್ಣು ಬಿತ್ತು. "ದಿನಾ ಅಗಿದು ಅಗಿದು ಹೊಳಿಗೆ ಉಗುಳತೀರಿ. ಅದರ ಜೋಡಿ ಕಾಸೂ ಹೋತು. ನಾಳಿಂದ ಬ್ಯಾಡ್ರಿ." ದುರುಗಪ್ಪ ದವಡಿ ಸವರಿಕೊಂಡು ಹೂಂ ಅಂದ. ಕಾಸು ಗಡಿಗಿಗೆ ಬಿತ್ತು.

ಆಮ್ಯಾಲೆ ದೀಪದ ಎಣ್ಣಿ. "ಹೊತ್ತು ಮುಳುಗೋದ್ರೊಳಗ ಉಂಡರ ದೀಪ ಯಾಕ ಬೇಕು? ತುತ್ತಿಗೆ ಬಾಯಿ ದಾರಿ ಗೊತ್ತಿಲ್ಲೇನು?" ದುರುಗಪ್ಪ ಅದಕ್ಕೂ ಹೂಂ ಅಂದ. ಕಾಸು ಗಡಿಗಿಗೆ ಬಿತ್ತು.

ಮೂರನೇದು ಕೇಳ್ರಿ, ಗಂಟು ಇರೋದು ಇಲ್ಲೇ. ದುರುಗಪ್ಪ ದಿನಾ ಹೊಳಿಗಿಳಿದಾಗ ದಂಡ್ಯಾಗೊಂದು ಹಿಡಿ, ನಡುನೀರಿನಾಗೊಂದು ಹಿಡಿ ಮಂಡಕ್ಕಿ ತೂರತಿದ್ದ. ತೂರಿ, ಒಂದು ಗಳಿಗಿ ನೀರು ನೋಡಿ, ಆಮ್ಯಾಲೆ ಹುಟ್ಟು ಹಾಕತಿದ್ದ. ಅವರಪ್ಪನೂ ಹಂಗ, ಮುತ್ತ್ಯಾನೂ ಹಂಗ. ಗಂಗವ್ವನ ಪಾಲು ಅಂತಿದ್ದರು.

"ಹಿಡಿ ಹಿಡಿ ಅಂದಕೋತ ತಿಂಗಳಿಗೆ ಎಷ್ಟಾತು ನೋಡ್ರಿ," ಅಂದಳು ಪಾರವ್ವ. "ಇಡೀ ಹೊಳಿ ತನ್ನದಿದ್ದಾಕಿಗೆ ನಮ್ಮ ಮಂಡಕ್ಕಿ ಯಾಕ? ಕೈ ಮುಗೀರಿ, ಸಾಕು."

"ಹಿರೇರ ಪದ್ಧತಿ ಅದು."

"ಯಾಕ ಹಾಕತಾರ ಹೇಳ್ರಿ, ಹಾಕೂಣು."

ದುರುಗಪ್ಪ ಕೈಯಾಗಿನ ಮಂಡಕ್ಕಿ ಕೆಳಗಿಟ್ಟ. ಅವನೂ ಯಾರನ್ನೂ ಕೇಳಿರಲಿಲ್ಲ. ಕೈ ತೂರತಿತ್ತು, ಕಣ್ಣು ನೋಡತಿತ್ತು, ಅಷ್ಟೇ ಅವನಿಗೆ ಗೊತ್ತು. ಕಾಸು ಗಡಿಗಿಗೆ ಬಿತ್ತು.

ಬ್ಯಾಸಗಿ ನೀರು ತಿಳಿ, ತಳದ ಕಲ್ಲು ಕಾಣತಿದ್ದವು. ಏನೂ ಆಗಲಿಲ್ಲ. "ಗಂಗವ್ವ ಬಂದು ಕೇಳಿದಳೇನ್ರಿ?" ಅಂತ ಪಾರವ್ವ ಗಂಡನ್ನ ಕೆಣಕತಿದ್ದಳು. ಗಡಿಗಿ ತುಂಬಿತು. ಹೊಸ ತೊಗಲು ಬಂತು. ಹರಿಗೋಲು ಮದುಮಗನಂಗ ಮಿಂಚಿತು. ಊರಗೌಡ ನೋಡಿ ಮೀಸಿ ತಿರುವಿಕೊಂಡು ಹೋದ.

ಅದಾದ ಮ್ಯಾಲೆ ಕೆಂಪು ನೀರು ಬಂತು.

ಅವತ್ತು ಪಾರವ್ವ ತಾನೇ ಹತ್ತಿ ಕೂತಳು, ಚೌಡಿನ ತೊಡಿಮ್ಯಾಲೆ ಕೂಡಿಸಿಕೊಂಡಳು. ತಾನು ಉಳಿಸಿ ತಂದ ತೊಗಲಲ್ಲೇನು? ಎದುರಿಗೆ ಮಂಡಕ್ಕಿ ಮಾರೋ ಸಾಂತವ್ವ, ಹಣ್ಣು ಹಣ್ಣು ಮುದುಕಿ, ಆಚೆ ದಂಡಿ ಸಂತಿಗೆ ಚೀಲ ಹೊತ್ತು ಹೊಂಟಿದ್ದಳು.

ನಡುನೀರಿಗೆ ಬಂದಾಗ ಹರಿಗೋಲು ತಿರುಗಿತು. ಹರಿಗೋಲು ತಿರುಗೋದೇನು ಹೊಸದಲ್ಲ ಬಿಡ್ರಿ. ಆದರ ಇದು ಒಂದೇ ಕಡೆ ತಿರುಗತಿತ್ತು, ತಿರುಗಿದಷ್ಟೂ ಜಗ್ಗತಿತ್ತು. ದುರುಗಪ್ಪ ಎಡಕ್ಕ ಹುಟ್ಟು ಹಾಕಿದ, ಜಗ್ಗಿತು. ಬಲಕ್ಕ ಹಾಕಿದ, ಮತ್ತೂ ಜಗ್ಗಿತು.

"ಸುಳಿ ಎಲ್ಲೈತ್ರಿ?" ಅಂದಳು ಪಾರವ್ವ.

"ಕಾಣವಲ್ದು. ನೀರೆಲ್ಲಾ ಒಂದೇ ಬಣ್ಣ ಆಗೈತಿ."

ತೊಗಲೇನೋ ಹೊಸದು, ಒಂದು ಹನಿ ಒಳಗ ಬಂದಿರಲಿಲ್ಲ. ಏನು ಬಂತು? ಹೊಸ ತೊಗಲಿನ ಸಮೇತ ಮುಳುಗೋ ಹೊತ್ತು ಬಂತು. ಚೌಡಿ ಅವ್ವನ ಕೊರಳು ಬಿಗಿಯಾಗಿ ಹಿಡಕೊಂಡಳು. ನಾನೇ ಮಗಳನ್ನ ಹೊಳಿಗೆ ಕೊಟ್ಟೆ, ಗಂಗವ್ವನ ಪಾಲು ಕಿತ್ತುಕೊಂಡ ಪಾಪ ನನ್ನದು ಅಂದಕೊಂಡಳು ಪಾರವ್ವ. ಕೇಳಲಿಲ್ಲ, ಹೇಳಲಿಲ್ಲ, ಎದುರಿಗಿದ್ದ ಮುದುಕಿಯ ಚೀಲದ ಬಾಯಿ ತಾನೇ ಬಿಚ್ಚಿ ಕೈ ಹಾಕಿದಳು. "ತಪ್ಪಾತವ್ವಾ, ತಾಯಿ," ಅಂತ ಒಂದು ಹಿಡಿ ತೂರಿದಳು.

ಮೊದಲನೇ ಹಿಡಿ ಎಡಕ್ಕ ಬಿತ್ತು. ಕಾಳೆಲ್ಲಾ ಒಂದೇ ಕಡೆ ಓಡಿದವು, ಗಿರಗಿರ ತಿರುಗಿದವು, ಗುಳುಂ ಅಂತ ಮಾಯ ಆದವು. ಎರಡನೇ ಹಿಡಿ ಮುಂದ ಬಿತ್ತು. ಅವೂ ತಿರುಗಿ ಅಲ್ಲಿಗೇ ಹೋದವು. ಮೂರನೇ ಹಿಡಿ ಬಲಗಡೆ ದೂರ ಬಿತ್ತು. ಆ ಕಾಳು ಸಾಲುಗಟ್ಟಿ ಸುಮ್ಮನ ಆಚೆ ದಂಡಿ ಕಡೆ ತೇಲಿದವು.

ದುರುಗಪ್ಪ ಕಣ್ಣು ಕಿರಿದು ಮಾಡಿದ. ಹುಟ್ಟು ಗಟ್ಟಿ ಹಿಡಿದ.

"ಇನ್ನೊಂದು ತೂರು. ಅಲ್ಲೇ, ಆ ಕಾಳಿನ ಮುಂದ."

ಆಕಿ ತೂರಿದಳು, ಅವನು ಮೈಯೆಲ್ಲಾ ಬಗ್ಗಿಸಿ ಹುಟ್ಟು ಹಾಕಿದ. ಹರಿಗೋಲು ಅಲುಗಿತು, ಜಗ್ಗಾಡಿತು, ಸುಳಿ ಬಿಟ್ಟು ಹೊರಗ ಬಂತು. ಕಾಳು ಹೋದ ದಾರಿ ಹಿಡಿದು ಹರಿಗೋಲು, ಹರಿಗೋಲಿನ ಮುಂದ ಕಾಳು. ದಂಡಿ ಮುಟ್ಟಿದಾಗ ಚೀಲ ಬರಿದು.

ಗಂಗವ್ವ ಆ ಮಂಡಕ್ಕಿ ತಿಂದಳೋ ಬಿಟ್ಟಳೋ ಆಕಿಗೇ ಗೊತ್ತು. ಅಂಬಿಗನ ಕಣ್ಣು ಮಾತ್ರ ಆ ಹಿಡಿಯೊಳಗ ಇತ್ತು. ಖರ್ಚಾತು ಅಂತ ಕಣ್ಣೇ ಕಿತ್ತಿದ್ದಳು ಪಾರವ್ವ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋದು ಅಂದರ ಇದೇ ಅಲ್ಲೇನ್ರಪಾ?

ದಂಡ್ಯಾಗ ಪಾರವ್ವ ಸೊಂಟದ ಸಂಚಿ ಬಿಚ್ಚಿದಳು. ತೊಗಲು ಕೊಂಡು ಉಳಿದ ಕಾಸೆಲ್ಲಾ ಸಾಂತವ್ವನ ಉಡಿಗೆ ಸುರಿದಳು. "ಯವ್ವಾ, ನಿನ್ನ ಸಂತಿ ಕೆಡಿಸಿದೆ. ಸಾಲದಿದ್ದರ ಹೇಳು."

ಮುದುಕಿ ಕಾಸು ಕೈಯಾಡಿಸಿ ನೋಡಿದಳು, ಗಂಟು ಕಟ್ಟಿದಳು. ಯಾಪಾರ ಯಾಪಾರನೇ. ಆಮ್ಯಾಲೆ ಅದರಾಗಿಂದ ಒಂದು ಕಾಸು ತಗದು ಪಾರವ್ವನ ಅಂಗೈಯಾಗ ಇಟ್ಟಳು.

"ಮೊದಲನೇ ಹಿಡೀದು ಬ್ಯಾಡವ್ವಾ. ಅದನ್ನ ನಾನೇ ಹಾಕಬೇಕಂತಿದ್ದೆ. ನನ್ನ ಕೈ ನಡುಗತಿತ್ತು, ಗಂಟು ಬಿಚ್ಚಲಿಕ್ಕಾಗಲಿಲ್ಲ."

ಆಗ ಪಾರವ್ವ ಮಗಳನ್ನ ಅಪ್ಪಿಕೊಂಡು ಅಲ್ಲೇ ಮರಳಿನಾಗ ಕೂತು ಮನಸಾರೆ ಅತ್ತಳು. ಅವತ್ತಿಂದ ಏನೇ ಕಡಿಮಿ ಮಾಡೋ ಮೊದಲು, ಇದು ಮನ್ಯಾಗ ಏನು ಕೆಲಸ ಮಾಡತೈತಿ ಅಂತ ನೋಡಿ ಕಡಿಮಿ ಮಾಡತಿದ್ದಳು. ಗಂಗವ್ವನ ಹಿಡಿ ತಿರುಗಿ ಬಂತು. ಎಲಿ ಅಡಿಕಿ ಮಾತ್ರ ಬರಲಿಲ್ಲ, ದುರುಗಪ್ಪ ಕೇಳಲೂ ಇಲ್ಲ.

ಅವರು ಆಚೆ ದಂಡಿಗೆ ಸುಖವಾಗಿ ಇಳಿದರು, ನಾನು ಈಚೆ ದಂಡ್ಯಾಗ ಕಥಿ ಇಳಿಸಿದೆ. ಏಳ್ರಿನ್ನ, ಮನಿಗೆ ಹೋಗ್ರಿ.