ನೆಲಮಾಳಿಗೆಯ ಪ್ಲಗ್

ಅಮೆರಿಕದ ನೆವಾರ್ಕ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಪದ್ಮಜಾ, ಪಕ್ಕದಲ್ಲಿ ಕನ್ನಡ ಕೇಳಿ ತಿರುಗಿದರು. ಒಬ್ಬ ಯುವಕ ಫೋನಿನ ಸ್ಪೀಕರ್ ಹಾಕಿಕೊಂಡು, ಕೆಂಡಲ್ ಪಾರ್ಕಿನ ತನ್ನ ಮನೆಯಲ್ಲಿ ಒಬ್ಬರೇ ಇದ್ದ ಅತ್ತೆಯೊಂದಿಗೆ ಮಾತನಾಡುತ್ತಿದ್ದ.

"ಅತ್ತೆ, ಈಗಲೇ ಬೇಸ್‌ಮೆಂಟಿಗೆ ಇಳೀರಿ."

"ಅಲ್ಲಿ ಹೋಗಬ್ಯಾಡ್ರಿ ಅಂತ ನೀವ ಹೇಳಿದ್ರಲ್ಲ, ಅತುಲ್?"

"ಅಲ್ಲಿರೋ ಹೀಟರ್ ವಿಪರೀತ ಬಿಸಿಯಾಗ್ತಿದೆ. ಫೋನಿಗೆ ಅಲರ್ಟ್ ಬಂತು."

ಮೆಟ್ಟಿಲಿನ ಸದ್ದು ಕೇಳಿಸಿತು.

"ಪ್ಲಾಸ್ಟಿಕ್ ಸುಟ್ಟ ವಾಸನಿ ಬರ್ಲಿಕ್ಕತ್ತದ."

ಪದ್ಮಜಾ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡರು.

"ಡ್ರಾಯರ್ ಇರೋ ದೊಡ್ಡ ರ‍್ಯಾಕ್ ಇದೆಯಲ್ಲ, ಅದರ ಹೀಟರ್ ಪ್ಲಗ್ ಕಿತ್ತುಬಿಡಿ. ಡ್ರಾಯರ್ ಮಾತ್ರ ತೆಗೀಬೇಡಿ."

"ಕಿತ್ತೆ. ಹೊಗಿ ಏನಿಲ್ಲ." ಆಮೇಲೆ ಅವರ ದನಿ ಸಣ್ಣದಾಯಿತು. "ಒಳಗ ಏನೋ ಹರದಾಡ್ಲಿಕ್ಕತ್ತದ."

ಯುವಕ ಹಣೆ ಒತ್ತಿಕೊಂಡ.

"ಹಾವು, ಅತ್ತೆ. ಸಾಕಿರೋವು, ವಿಷ ಇಲ್ಲ. ನೀವು ಹೆದರ್ತೀರ, ಹೇಳ್ಬೇಡ ಅಂದಿದ್ಲು ನಿಮ್ಮ ಮಗಳು ಧೃತಿ."

ಪದ್ಮಜಾ ಫೋನಿನ ಕಡೆ ಬಾಗಿದರು.

"ಎಲ್ಲಾ ಡ್ರಾಯರ್‌ನಾಗೂ?"

"ಎಲ್ಲದರಲ್ಲೂ."

"ಅವಕ್ಕ ಕಾವು ಬೇಕಂತ ಇದನ್ನ ಹಚ್ಚಿದ್ರೇನು?"

"ಹೌದು. ಈ ಚಳೀನ ಅವಕ್ಕೆ ತಡೆಯೋಕಾಗಲ್ಲ."

ಅಷ್ಟರಲ್ಲಿ ರೈಲು ಬಂತೆಂದು ಧ್ವನಿವರ್ಧಕದಲ್ಲಿ ಕೂಗಿದರು. ಯುವಕ ಎದ್ದ.

"ಹಂಗಾರ ನಾ ಪ್ಲಗ್ ಕಿತ್ತೀನಲ್ಲ, ಅವಕ್ಕ ಥಂಡಿ ಆಗೂದಿಲ್ಲೇನು? ನೀವು ಬರೂತನಕ ನನ್ನ ಕೌದಿ ಹೊಚ್ಲೇನು?"



"ರ‍್ಯಾಕ್ ಪೂರ್ತಿ ತಣ್ಣಗಾದ ಮೇಲೆ ಹೊದಿಸಿ, ಅತ್ತೆ," ಎನ್ನುತ್ತ ಅವನು ಪ್ಲಾಟ್‌ಫಾರಮ್ಮಿನ ಮೆಟ್ಟಿಲು ಹತ್ತಿ ಓಡಿದ.